ಮೆಹಂದಿಗೆ ಬಂದ ಸ್ವರ

ಮನುಷ್ಯರ ಬಾಯಿಯನ್ನು ಅಷ್ಟು ಹತ್ತಿರದಿಂದ ಕೇಳಬಾರದು. ಫಳ್ನೀರಿನ ಒಂದು ಕಟ್ಟಡದ ಮೇಲಿನ ಮಹಡಿಯಲ್ಲಿದ್ದ ಸ್ಟುಡಿಯೋದಲ್ಲಿ ಕೆಲವು ವರ್ಷ ನನ್ನ ಕೆಲಸವೇ ಅದಾಗಿತ್ತು. ಮದುವೆ, ಮೆಹಂದಿ, ಕಾಲೇಜ್ ಡೇ, ಅಂಗಡಿಯ ಉದ್ಘಾಟನೆ, ಎಲ್ಲದಕ್ಕೂ ನಮ್ಮ ಊರಿಗೆ ಈಗ ಕುಣಿಯುವ ಹಾಡು ಬೇಕು. ಆ ಹಾಡುಗಳನ್ನು ಕಂಪ್ಯೂಟರಿನಲ್ಲಿ ಮಾಡುತ್ತಾರೆ. ಅದರ ಡೋಲನ್ನು ಯಾರೂ ಬಾರಿಸಿರುವುದಿಲ್ಲ, ಕೊಳಲನ್ನು ಯಾರೂ ಊದಿರುವುದಿಲ್ಲ. ಆದರೆ ಇಷ್ಟೆಲ್ಲ ಸುಳ್ಳಿನ ನಡುವೆ ಒಂದು ಕಡೆ ನಿಜವಾದ ಗಂಟಲು ಬೇಕೇ ಬೇಕು. ಒಂದು ‘ಏಯ್’, ಒಂದು ‘ಆ’, ಒಂದು ನಿಟ್ಟುಸಿರು. ಅದನ್ನು ಕತ್ತರಿಸಿ, ಎಳೆದು, ಹಿಂದುಮುಂದು ಮಾಡಿ, ಡೋಲು ನಿಂತ ಜಾಗದಲ್ಲಿ ಕೂರಿಸಿದರೆ ಕುಣಿಯುವವರು ಕೈ ಮೇಲೆತ್ತುತ್ತಾರೆ. ಈ ತುಣುಕಿಗೆ ಸ್ಯಾಂಪಲ್ ಎನ್ನುತ್ತಾರೆ. ಅದನ್ನು ಹುಡುಕಿ ತರುವವಳು ನಾನು.

ಹೆಡ್‌ಫೋನಿನಲ್ಲಿ ಕೇಳಿದರೆ ತಿಳಿಯುತ್ತದೆ, ಹಾಡುವವರ ಬಾಯಿಯಲ್ಲಿ ಸ್ವರಕ್ಕಿಂತ ಹೆಚ್ಚಾಗಿ ಎಂಜಲು ಇರುತ್ತದೆ. ನಾಲಗೆ ಅಂಗುಳಿಗೆ ಅಂಟಿ ಬಿಡುವ ಸದ್ದು, ತುಟಿ ಬಿಚ್ಚುವ ಸದ್ದು, ಮೂಗಿನಲ್ಲಿ ಸಿಕ್ಕಿಕೊಂಡ ಉಸಿರು. ಅದನ್ನೆಲ್ಲ ಒಂದೊಂದಾಗಿ ಹೆಕ್ಕಿ ತೆಗೆಯಬೇಕು. ಹೆಡ್‌ಫೋನೋ, ಅದು ಸ್ಟುಡಿಯೋಗೆಲ್ಲ ಒಂದೇ. ನಮ್ಮ ಊರಿನ ಸೆಕೆಗೆ ಅದರ ಮೆತ್ತೆ ಸಿಪ್ಪೆ ಏಳುತ್ತಿತ್ತು. ನನಗಿಂತ ಮೊದಲು ಕೂತವರ ಬೆವರಿನ ಮೇಲೆ ನನ್ನ ಕಿವಿ ಇಟ್ಟು, ಸಂಜೆ ಕದ್ರಿಯ ಮನೆಗೆ ಹೋಗಿ ಕನ್ನಡಿ ನೋಡಿದರೆ ಕೆನ್ನೆಯ ಮೇಲೆ ಕಪ್ಪು ಚೂರುಗಳು. ಅಮ್ಮ ಅದನ್ನು ನೋಡಿ, “ನೀನು ಎಂತ, ಇದ್ದಿಲಿನ ಅಂಗಡಿಯಲ್ಲಿ ಕೆಲಸ ಮಾಡುದಾ?” ಎಂದು ಕೇಳುತ್ತಿದ್ದಳು. ಅಮ್ಮನಿಗೆ ನನ್ನ ಕೆಲಸ ಏನೆಂದು ಕೊನೆಯವರೆಗೂ ಸರಿಯಾಗಿ ತಿಳಿಯಲಿಲ್ಲ. ತಿಳಿಯದೆ ಇದ್ದದ್ದೇ ಒಳ್ಳೆಯದಾಯಿತು.

ಇಂಟರ್ನೆಟ್ಟಿನಲ್ಲಿ ಸ್ಯಾಂಪಲ್ಲುಗಳ ದೊಡ್ಡ ಸಂತೆಯೇ ಉಂಟು. ಅಲ್ಲಿ ಗಂಟಲನ್ನು ಮೀನಿನ ಹಾಗೆ ಜಾತಿವಾರು ಬೇರೆ ಮಾಡಿ ಇಟ್ಟಿರುತ್ತಾರೆ. ಗಂಡು, ಹೆಣ್ಣು, ಮಗು, ಮುದುಕ. ಇಂಡಿಯನ್ ಎಂಬ ಒಂದು ಬುಟ್ಟಿ. ಅದನ್ನು ತೆರೆದರೆ ಯಾರೋ ಹೆಂಗಸು ಅರ್ಥವಿಲ್ಲದ ಹಿಂದಿಯಲ್ಲಿ ಏನೋ ಗುನುಗುತ್ತಾಳೆ, ಹಿಂದಿನಿಂದ ಗೆಜ್ಜೆ. ಟ್ರೈಬಲ್ ಎಂಬ ಬುಟ್ಟಿಯಲ್ಲಿ ಯಾವನೋ ಎದೆ ಬಡಿದುಕೊಂಡು ಹುಹುಹು ಎನ್ನುತ್ತಾನೆ. ಕಾಡನ್ನು ಅವನು ಚಿತ್ರದಲ್ಲಿಯೂ ಕಂಡಂತೆ ಕಾಣುವುದಿಲ್ಲ. ಹೆಣ್ಣು ಎಂಬ ಬುಟ್ಟಿಯ ಅರ್ಧ ಬರೀ ಮುಲುಕಾಟ. ನಾನು ಮಧ್ಯಾಹ್ನದ ಊಟದ ಡಬ್ಬಿ ಪಕ್ಕದಲ್ಲಿಟ್ಟುಕೊಂಡು, ಕಿವಿಯೊಳಗೆ ಆ ಹೆಂಗಸರನ್ನು ಒಬ್ಬೊಬ್ಬರಾಗಿ ಮುಲುಕಿಸಿ, ಯಾವುದು ಡೋಲಿನ ನಡುವೆ ಚೆನ್ನಾಗಿ ಕೂರುತ್ತದೆ ಎಂದು ನೋಡಬೇಕಿತ್ತು. ಎಷ್ಟೋ ದಿನ ಡಬ್ಬಿ ಹಾಗೆಯೇ ಮನೆಗೆ ಹೋಯಿತು. ಕೈ ತೊಳೆದರೆ ಹೋಗುವ ಕೊಳೆ ಬೇರೆ, ಇದು ಕಿವಿಯೊಳಗಿನ ಕೊಳೆ.

ಸ್ಟುಡಿಯೋದ ಯಜಮಾನರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅವರು ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಬೆಳಿಗ್ಗೆ ಬಂದವರೇ ಸದ್ದು ಬೆರೆಸುವ ಮಿಕ್ಸರಿಗೆ ಊದುಬತ್ತಿ ತೋರಿಸಿ, ಅದಕ್ಕೊಂದು ಹೂವು ಇಟ್ಟು, ಆಮೇಲೆ ಸ್ವಿಚ್ ಹಾಕುತ್ತಿದ್ದರು. ಅವರಿಗೆ ಇಂಟರ್ನೆಟ್ಟಿನ ತುಣುಕುಗಳು ಬೇಡವಾಗಿದ್ದವು. “ಅದು ಎಲ್ಲ ಡಿಜೆಗಳ ಹತ್ರ ಉಂಟು. ನಮ್ಮ ಊರಿನದ್ದು ಬೇಕು ಮಾರಾಯ್ತಿ. ನಮ್ಮ ಊರಿನ ಗಂಟಲು,” ಎನ್ನುತ್ತಿದ್ದರು. ನನಗೂ ಅದು ಸರಿಯೆನಿಸಿತು. ರೆಕಾರ್ಡರ್ ಹಿಡಿದು ಹೊರಟೆ. ಬಂದರಿನಲ್ಲಿ ಮೀನು ಏಲಂ ಹಾಕುವವರ ಕೂಗು, ಹಂಪನಕಟ್ಟೆಯಲ್ಲಿ ಬಸ್ಸಿನ ಬಾಗಿಲಿಗೆ ಜೋತು ಕರೆಯುವ ಕಂಡಕ್ಟರು, ಎಲ್ಲ ತಂದೆ. ಯಜಮಾನರು ಕೇಳಿ ತಲೆ ಅಲ್ಲಾಡಿಸಿದರು. “ಇದ್ರಲ್ಲಿ ಹಾರ್ನ್ ಉಂಟು, ಇಂಜಿನ್ ಉಂಟು, ಕಾಗೆ ಉಂಟು. ಮನುಷ್ಯ ಎಲ್ಲಿದ್ದಾನೆ?” ಮನೆಗಳೊಳಗೆ ರೆಕಾರ್ಡ್ ಮಾಡಿದರೆ ಫ್ಯಾನು ಬರುತ್ತಿತ್ತು. ನಮ್ಮ ಊರಿನಲ್ಲಿ ಫ್ಯಾನ್ ನಿಲ್ಲಿಸಿ ಕೂತುಕೊಳ್ಳಿ ಎಂದರೆ ಯಾರು ಕೂರುತ್ತಾರೆ? ಸದ್ದಿಲ್ಲದ ಜಾಗದಲ್ಲಿ, ಮನಸ್ಸು ಬಿಚ್ಚಿ ತೆಗೆದ ಶುದ್ಧವಾದ ಸ್ವರ ಮಾತ್ರ ಸಿಗಲಿಲ್ಲ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಕುದ್ರೋಳಿಯ ಚಿಕ್ಕಮ್ಮನ ಮಗ ಬೈಕ್ ಅಪಘಾತದಲ್ಲಿ ತೀರಿಕೊಂಡ. ಚಿಕ್ಕಮ್ಮ ಅಮ್ಮನ ತಂಗಿ; ನನ್ನನ್ನು ಎತ್ತಿ ಆಡಿಸಿ ದೊಡ್ಡ ಮಾಡಿದವಳು. ಅವಳಿಗೆ ಇದ್ದದ್ದು ಒಬ್ಬ ಮಗ, ಒಬ್ಬಳು ಮಗಳು. ಚಿಕ್ಕಪ್ಪ ಗಲ್ಫಿನಲ್ಲಿದ್ದರು. ಪಾಸ್‌ಪೋರ್ಟ್ ಕಂಪೆನಿಯವರ ಕೈಯಲ್ಲಿತ್ತು, ಮ್ಯಾನೇಜರ್ ರಜೆಯಲ್ಲಿದ್ದ, ಅವರು ಹೊರಡಲು ಆಗಲೇ ಇಲ್ಲ. ದೇಹವನ್ನು ಇಟ್ಟುಕೊಂಡು ಎಷ್ಟು ಹೊತ್ತು ಕಾಯುವುದು? ಮುಖವನ್ನಾದರೂ ನೋಡಲಿ, ನಡೆದದ್ದನ್ನಾದರೂ ನೋಡಲಿ ಎಂದು ವಿಡಿಯೋ ಮಾಡಿಸುವುದು ಈಗ ಗಲ್ಫಿನವರಿರುವ ಮನೆಗಳಲ್ಲಿ ಇರುವ ಕ್ರಮ. ವಿಡಿಯೋ ಕೆಲಸವನ್ನೂ ಹಿಡಿಯುತ್ತಿದ್ದ ನಮ್ಮ ಸ್ಟುಡಿಯೋಗೆ ನಾನೇ ಫೋನ್ ಮಾಡಿದೆ. ಯಜಮಾನರು ಬೇರೆ ಯಾರನ್ನೂ ಕಳಿಸದೆ ತಾವೇ ಬಂದರು. ಚಪ್ಪಲಿ ಗೇಟಿನಲ್ಲೇ ಬಿಟ್ಟು, ಕೈ ಮುಗಿದು ಒಳಗೆ ಬಂದರು.

ಚಾವಡಿಯಲ್ಲಿ ಅವನನ್ನು ಮಲಗಿಸಿದ್ದರು. ತಲೆಯ ಹತ್ತಿರ ತೆಂಗಿನಕಾಯಿಯ ಕಡಿಗಳಲ್ಲಿ ಬತ್ತಿ ಉರಿಯುತ್ತಿತ್ತು. ದೀಪ ಆರಬಾರದೆಂದು ಫ್ಯಾನ್ ನಿಲ್ಲಿಸಿದ್ದರು. ಅಕ್ಕಪಕ್ಕದ ಮನೆಗಳಲ್ಲೂ ಟಿವಿ ಇರಲಿಲ್ಲ, ಮಿಕ್ಸಿ ಇರಲಿಲ್ಲ. ನಮ್ಮ ತುಳು ಹೆಂಗಸರು ಸಾವಿನಲ್ಲಿ ಅಳುವುದಕ್ಕೆ ಒಂದು ಧಾಟಿ ಉಂಟು. ಬರೀ ಅಳುವುದಲ್ಲ, ಸತ್ತವನು ಎದುರು ಕೂತಿದ್ದಾನೆ ಎಂಬಂತೆ ಮಾತನಾಡುತ್ತಾರೆ. ಬೆಳಿಗ್ಗೆ ನೀನು ದೋಸೆ ಸಾಕು ಎಂದು ಎದ್ದು ಹೋದೆಯಲ್ಲ, ಇನ್ನು ಯಾರಿಗೆ ಎರೆಯಲಿ ಎಂದು ಕೇಳುತ್ತಾರೆ. ಪ್ರತಿ ಸಾಲಿನ ಕೊನೆಗೆ ಸ್ವರ ಏರುತ್ತದೆ. ಚಿಕ್ಕಮ್ಮ ಅಂಗೈಯಿಂದ ನೆಲಕ್ಕೆ ಬಡಿದು ಬಡಿದು ಹಾಗೆ ಕೂಗುತ್ತಿದ್ದಳು. ಯಜಮಾನರು ಸದ್ದಾಗದಂತೆ ಹೋಗಿ ಒಂದು ಚಿಕ್ಕ ರೆಕಾರ್ಡರನ್ನು ಅವಳ ಮೊಣಕಾಲಿನ ಹತ್ತಿರ ಇಟ್ಟು ಬಂದರು. “ಅವರಿಗೆ ಸರಿ ಕೇಳ್ಬೇಕಲ್ಲ, ಪಾಪ,” ಎಂದು ನನ್ನ ಕಿವಿಯಲ್ಲಿ ಹೇಳಿದರು. ಇಂಥ ಮನುಷ್ಯರೂ ಇದ್ದಾರಲ್ಲ ಎಂದು ಆ ಹೊತ್ತಿನಲ್ಲಿ ನನಗೆ ಕಣ್ಣು ತುಂಬಿ ಬಂದಿತ್ತು. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಕಾರ್ಯ ಮುಗಿಯುವ ಮೊದಲೇ ವಿಡಿಯೋ ಚಿಕ್ಕಪ್ಪನ ಮೊಬೈಲಿಗೆ ಹೋಯಿತು. ಸಿಕ್ಕಿತು ಎಂದು ಅವರು ಉತ್ತರ ಕಳಿಸಿದರು.

ಮುಂದಿನ ಮದುವೆಯ ಸೀಸನ್ನಿಗೆ ಯಜಮಾನರ ಒಂದು ಹಾಡು ಎದ್ದಿತು. ಎದ್ದಿತು ಎಂದರೆ ಎಲ್ಲಿ ನೋಡಿದರೂ ಅದೇ. ಕದ್ರಿ ಪಾರ್ಕಿನಲ್ಲಿ ಮೊಬೈಲ್ ಕಲ್ಲಿಗೆ ಆನಿಸಿ ಕುಣಿಯುವವರ ರೀಲಿನಲ್ಲಿ ಅದೇ, ಬಸ್ಸಿನಲ್ಲಿ ಅದೇ. ಡೋಲು ಧಡಧಡ ಬಂದು ತಟ್ಟನೆ ನಿಲ್ಲುತ್ತದೆ, ಆ ಖಾಲಿ ಜಾಗದಲ್ಲಿ ಒಂದು ತೆಳ್ಳನೆಯ ಸ್ವರ ಮೇಲಕ್ಕೆ ಹೋಗುತ್ತದೆ. ಮಗುವಿನದೋ ಹಕ್ಕಿಯದೋ ಹೇಳಲಾಗದ ಸ್ವರ. ನನಗೂ ಇಷ್ಟವಾಗಿತ್ತು. ಎಲ್ಲಿಂದ ತಂದಿರಿ ಎಂದು ಕೇಳಿದಾಗ “ನಮ್ಮ ಹಳೆ ಸ್ಟಾಕ್” ಎಂದರು. ಹುಡುಕುವವಳು ನಾನು, ನನಗೆ ಸಿಗದ್ದು ಇವರಿಗೆ ಸಿಕ್ಕಿತಲ್ಲ ಎಂದು ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಅದೇ ಸಮಯಕ್ಕೆ ಚಿಕ್ಕಮ್ಮನ ಮಗಳಿಗೆ ಮದುವೆ ನಿಶ್ಚಯವಾಯಿತು. ಸಾವಾದ ಮನೆಯಲ್ಲಿ ವರ್ಷದೊಳಗೆ ಒಂದು ಶುಭಕಾರ್ಯ ಆಗಬೇಕು ಎಂದು ಹಿರಿಯರು ಹೇಳಿದ್ದರು. ಚಿಕ್ಕಪ್ಪನಿಗೂ ರಜೆ ಸಿಕ್ಕಿತು. ಮೆಹಂದಿಯ ಹಾಡುಗಳನ್ನು ನಾವೇ ನೋಡಿಕೊಳ್ಳುವ ಎಂದು ಯಜಮಾನರು ತಾವಾಗಿಯೇ ಹೇಳಿದರು. ಒಂದು ಮಧ್ಯಾಹ್ನ ಆ ಹಾಡುಗಳನ್ನು ಜೋಡಿಸಲು ಕೂತೆ. ಅವರ ಹಾಡಿನ ಮೂಲ ಫೈಲ್ ಕಂಪ್ಯೂಟರಿನಲ್ಲಿಯೇ ಇತ್ತು. ಆ ತೆಳ್ಳನೆಯ ಸ್ವರವನ್ನು ಎಷ್ಟು ಏರಿಸಿದ್ದಾರೆ ನೋಡುವ ಎಂಬ ಕುತೂಹಲಕ್ಕೆ, ಉಳಿದದ್ದನ್ನೆಲ್ಲ ನಿಲ್ಲಿಸಿ, ಅದೊಂದನ್ನೇ ನಿಧಾನವಾಗಿ ಕೆಳಗಿಳಿಸುತ್ತ ಬಂದೆ. ಹಕ್ಕಿ ಹೋಯಿತು. ಮಗು ಹೋಯಿತು. ಒಬ್ಬಳು ಹೆಂಗಸು ಬಂದಳು. ಇನ್ನೂ ಸ್ವಲ್ಪ ಇಳಿಸಿದೆ. ಸ್ವರದ ಕೆಳಗೆ, ನೆಲಕ್ಕೆ ಅಂಗೈ ಬಡಿದ ಸದ್ದು ಕೇಳಿತು.

ಕೈತೊಳೆಯುವ ಬೇಸಿನ್‌ವರೆಗೆ ಓಡಿದೆ. ಉಂಡದ್ದೆಲ್ಲ ಹೊರಗೆ ಬಂತು.

ಯಜಮಾನರು ಬಾಗಿಲಲ್ಲಿ ನಿಂತಿದ್ದರು. ತೆರೆದಿದ್ದ ಪರದೆ ನೋಡಿ ಅವರಿಗೆ ತಿಳಿಯಿತು. “ಕೂತ್ಕೊ. ಸ್ವಲ್ಪ ನೀರು ಕುಡಿ,” ಎಂದರು.

“ಅದು ನನ್ನ ಚಿಕ್ಕಮ್ಮ, ಸರ್.”

“ಗೊತ್ತುಂಟು. ಯಾರಿಗೂ ಗೊತ್ತಾಗುದಿಲ್ಲ ಮಾರಾಯ್ತಿ. ಪಿಚ್ ಏರಿಸಿದ್ದೇನೆ. ಮಾತು ಇದ್ದದ್ದೆಲ್ಲ ತೆಗ್ದಿದ್ದೇನೆ. ಹುಡುಗನ ಹೆಸರು ಬರುವ ಭಾಗ ನಾನು ಮುಟ್ಲೇ ಇಲ್ಲ. ನನಗೂ ದೇವರ ಭಯ ಉಂಟು.”

ಅವರಿಗೆ ನನ್ನನ್ನು ಸಮಾಧಾನ ಮಾಡಬೇಕೆನಿಸಿತು. ಅವರ ದನಿ ಮೃದುವಾಯಿತು. “ಅಂಥ ಕ್ಲೀನ್ ವಾಯ್ಸ್ ಈ ಊರಲ್ಲಿ ಎಲ್ಲಿ ಸಿಗ್ತದೆ, ನೀನೇ ಹೇಳು. ನೀನು ವರ್ಷಗಟ್ಟಲೆ ಹುಡುಕಿದ್ದಲ್ವಾ? ಒಂದು ಫ್ಯಾನಿನ ಸದ್ದು ಸಹ ಇರ್ಲಿಲ್ಲ.”

ಉರಿಯುವ ಮನೆಯಲ್ಲಿ ಗಳ ಹಿರಿಯುವವರ ಬಗ್ಗೆ ಕೇಳಿದ್ದೆ. ಅವರು ಗಳ ಹಿರಿಯುವಾಗ ಚಪ್ಪಲಿ ಗೇಟಿನಲ್ಲಿ ಬಿಟ್ಟು ಬರುತ್ತಾರೆ ಎಂದು ಗೊತ್ತಿರಲಿಲ್ಲ. ಅವರ ಹಣೆಯ ಗಂಧ, ಮಿಕ್ಸರಿನ ಮೇಲಿನ ದಾಸವಾಳ, ಸುಟ್ಟು ಬಾಗಿದ ಊದುಬತ್ತಿಯ ಬೂದಿ, ಎಲ್ಲ ಬೆಳಿಗ್ಗೆ ಇದ್ದ ಹಾಗೆಯೇ ಇತ್ತು. ಅಳಿಸಿ ಎಂದೆ. ಅವರು ನನ್ನ ಎದುರೇ ಅಳಿಸಿದರು. ಆಮೇಲೆ, “ಆದ್ರೆ ಹಾಡು ಎದ್ದ ಮೇಲೆ ಎಲ್ಲರೂ ಕೇಳಿದ್ರು, ಆ ತುಣುಕನ್ನು ಡಿಜೆಗಳ ಗ್ರೂಪಿಗೆ ಹಾಕಿಯಾಗಿದೆ. ಫ್ರೀಯಾಗಿ. ಎಲ್ಲರೂ ತೆಗೊಂಡಿದ್ದಾರೆ,” ಎಂದರು. ನಾನು ಚೀಲ ಎತ್ತಿಕೊಂಡು ಇಳಿದು ಬಂದೆ. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಇನ್ನು ನನಗೆ ಇದ್ದದ್ದು ಒಂದೇ ಚಿಂತೆ. ಚಿಕ್ಕಮ್ಮ ಅದನ್ನು ಕೇಳಬಾರದು. ಬೇರೆ ಎಲ್ಲಿ ಬೇಕಾದರೂ ಬಾರಿಸಿಕೊಳ್ಳಲಿ, ಅವಳ ಮಗಳ ಮೆಹಂದಿಯಲ್ಲಿ, ಅವಳ ಅಂಗಳದಲ್ಲಿ ಬಾರಿಸಬಾರದು. ಕುದ್ರೋಳಿಗೆ ಹೋಗಿ ಮದುಮಗಳನ್ನು ಬದಿಗೆ ಕರೆದು, ಡಿಜೆ ಬೇಡ, ಯಾರಾದರೂ ಹಾಡುವವರನ್ನು ಕರೆಸುವ ಎಂದೆ.

“ಡಿಜೆ ಇಲ್ಲದ ಮೆಹಂದಿಯಾ ಅಕ್ಕ?” ಎಂದು ಅವಳು ನಕ್ಕಳು. “ಗಂಡಿನ ಕಡೆಯವರು ಎಂತ ಹೇಳ್ಲಿಕ್ಕಿಲ್ಲ? ನಿಮ್ಮ ಯಜಮಾನರ ಹತ್ರ ಜಗಳವಾ ನಿಮಗೆ?”

ಜಗಳ ಎಂದೆ. ಕಾರಣ ಹೇಳುವುದು ಹೇಗೆ? ಹೇಳಿದರೆ ಅವಳ ಮೆಹಂದಿಯೂ ಮುಗಿಯಿತು, ಮದುವೆಯೂ ಮುಗಿಯಿತು. ಕೊನೆಗೆ ಸುರತ್ಕಲ್ ಕಡೆಯ ಒಬ್ಬ ಡಿಜೆಯನ್ನು ಗೊತ್ತು ಮಾಡಿದೆವು. ಅವನ ಹತ್ತಿರ ನಾನೇ ಹೋಗಿ ಆ ಹಾಡನ್ನು ಕೇಳಿಸಿ, ಇದೊಂದು ಬೇಡ, ಮನೆಯವರಿಗೆ ಆಗುವುದಿಲ್ಲ ಎಂದೆ. ಅವನು ಯಾಕೆಂದು ಕೇಳಲಿಲ್ಲ. “ಬೇಡ ಅಂದ್ರೆ ಬೇಡ ಅಕ್ಕ. ಬೇರೆ ಬೇಕಾದಷ್ಟು ಉಂಟು,” ಎಂದ. ಅವನು ಮಾತಿಗೆ ತಪ್ಪಲಿಲ್ಲ ಎಂಬುದನ್ನೂ ಹೇಳಬೇಕು.

ನನಗೆ ಮೆಹಂದಿ ಎಂದರೆ ಮೊದಲಿನಿಂದಲೂ ಆಗದು. ನಮ್ಮ ಅಜ್ಜಿಯರು ಮದರಂಗಿ ಸೊಪ್ಪು ಅರೆದು ಬೆರಳ ತುದಿಗೆ ಹಚ್ಚಿ ಮಲಗಿಸುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಈಗ ಅದು ಮದುವೆಗಿಂತ ದೊಡ್ಡದು. ಎಲ್ಲರಿಗೂ ಹಸಿರು ಬಟ್ಟೆ. ಪ್ಲಾಸ್ಟಿಕ್ ಹೂವಿನ ಗೋಡೆ. ಹೊಗೆ ಉಗುಳುವ ಮೆಷಿನ್. ಆ ಹೊಗೆಗೆ ಸುಟ್ಟ ಸಕ್ಕರೆಯ ವಾಸನೆ, ಅದರ ಮೇಲೆ ಕೋಳಿ ಸುಕ್ಕದ ವಾಸನೆ, ಅದರ ಮೇಲೆ ಅತ್ತರು. ಗಂಡಸರು ಕಾರಿನ ಹಿಂದೆ ಹೋಗಿ ಬಾಯಿ ಒರೆಸಿಕೊಂಡು ಬರುತ್ತಿದ್ದರು. ಸ್ಪೀಕರ್ ಪೆಟ್ಟಿಗೆಗಳ ಸದ್ದಿಗೆ ಎದೆಯ ಗೂಡು ಅದುರುತ್ತಿತ್ತು. ಆ ಅಂಗಳದಲ್ಲಿಯೇ ವರ್ಷ ತುಂಬುವ ಮೊದಲು ಚಟ್ಟ ಕಟ್ಟಿದ್ದರು. ಅದು ನೆನಪಿದ್ದವರು ಅಲ್ಲಿ ಯಾರಾದರೂ ಇದ್ದಾರೋ ಎಂದು ಮುಖಗಳನ್ನು ನೋಡುತ್ತಿದ್ದೆ. ಎಲ್ಲರ ಬಾಯಲ್ಲೂ ಕೋಳಿ ಇತ್ತು.

ಚಿಕ್ಕಪ್ಪ ತಲೆಗೆ ಬಣ್ಣ ಹಾಕಿಸಿಕೊಂಡಿದ್ದರು. ಗಲ್ಫಿನಿಂದ ಬಂದಂದಿನಿಂದ ಮಗನ ಸುದ್ದಿಯನ್ನು ಅವರು ಎತ್ತಿರಲಿಲ್ಲ. ಅವನ ಕೋಣೆಗೆ ಹೋಗಿರಲಿಲ್ಲ. ಬಂದವರಿಗೆಲ್ಲ ಖರ್ಜೂರ ಹಂಚುತ್ತ, ಶಾಮಿಯಾನದವನಿಗೆ ಕೈ ತೋರಿಸುತ್ತ, ಒಂದು ಕ್ಷಣ ಸುಮ್ಮನೆ ಕೂತಿರಲಿಲ್ಲ. ಮನುಷ್ಯನಿಗೆ ಹೊಟ್ಟೆಯಲ್ಲಿ ಸಂಕಟ ಎಂಬುದು ಇಲ್ಲವೇ ಎಂದು ನನಗೆ ಅವರ ಮೇಲೂ ಹೇಸಿಗೆಯಾಗಿತ್ತು. ಆ ದಿನಗಳಲ್ಲಿ ನನಗೆ ಹೇಸಿಗೆಯಾಗದ ಮನುಷ್ಯರೇ ಇರಲಿಲ್ಲ.

ಸೋದರಳಿಯಂದಿರು, ಅಕ್ಕಪಕ್ಕದವರು ಸೇರಿ ಚಿಕ್ಕಪ್ಪನನ್ನು ಕುಣಿಯಲು ಎಳೆದುಕೊಂಡು ಹೋದರು. ನಾನು ಚಿಕ್ಕಮ್ಮನ ಜೊತೆ ಮೆಟ್ಟಿಲ ಹತ್ತಿರ ನಿಂತಿದ್ದೆ. ಅವಳ ಕೈಯಲ್ಲಿ ಯಾರೋ ತಂದುಕೊಟ್ಟ ಊಟದ ತಟ್ಟೆ. ಹಾಡು ಬದಲಾಯಿತು. ನನಗೆ ಗೊತ್ತಿಲ್ಲದ ಹಾಡು, ಯಾರು ಮಾಡಿದ್ದೋ. ಡೋಲು ಏರಿತು, ಏರಿತು, ನಿಂತಿತು.

ಆ ಖಾಲಿ ಜಾಗದಲ್ಲಿ ಚಿಕ್ಕಮ್ಮ ಕೂಗಿದಳು.

ಒಂದು ಹಾಡನ್ನು ತಡೆಯಬಹುದು. ತುಣುಕನ್ನು ತಡೆಯಲು ಆಗುವುದಿಲ್ಲ; ಅದು ಹತ್ತು ಹಾಡುಗಳಿಗೆ ಹಂಚಿಹೋಗಿರುತ್ತದೆ. ಇಷ್ಟು ವರ್ಷ ಅದೇ ಕೆಲಸ ಮಾಡಿದವಳು, ನನಗೆ ಅದು ಹೊಳೆಯಬೇಕಿತ್ತು. ಈ ಹಾಡು ಮಾಡಿದವನು ಸ್ವರವನ್ನು ಅಷ್ಟು ಏರಿಸಿಯೂ ಇರಲಿಲ್ಲ. ಹಕ್ಕಿಯೂ ಇಲ್ಲ, ಮಗುವೂ ಇಲ್ಲ. ಪೆಟ್ಟಿಗೆಗಳಲ್ಲಿ ಚಾವಡಿಯ ಆ ಹೊತ್ತು ಹಾಗೆಯೇ ಬಂದು ನಿಂತಿತು.

ನಾನು ಡಿಜೆಯ ಕಡೆಗೆ ಓಡಲು ಹೊರಟೆ. ಚಿಕ್ಕಮ್ಮ ನನ್ನ ಕೈ ಹಿಡಿದಳು.

“ಎಲ್ಲಿಗೆ ಮಗಾ?”

“ಬಂದ್ ಮಾಡಿಸ್ತೇನೆ.”

“ಬೇಡ. ಮಕ್ಕಳು ಕುಣಿತಾ ಇದ್ದಾರೆ.” ಅಂಗಳದ ಕಡೆಗೇ ನೋಡುತ್ತ, “ಅದು ನಾನಲ್ವಾ?” ಎಂದಳು.

ನನ್ನ ಕೈಯನ್ನು ಅವಳು ಬಿಟ್ಟಿರಲಿಲ್ಲ.

ಹಾಡು ಸುತ್ತಿ ಸುತ್ತಿ ಅದೇ ಜಾಗಕ್ಕೆ ಬರುತ್ತಿತ್ತು. ಡೋಲು ನಿಲ್ಲುತ್ತಿತ್ತು, ಅವಳ ಕೂಗು ಎಲ್ಲರ ತಲೆಯ ಮೇಲಿಂದ ಏರಿ ಹೋಗುತ್ತಿತ್ತು, ಕುಣಿಯುವವರೆಲ್ಲ ಒಟ್ಟಿಗೆ ಕೈ ಮೇಲೆತ್ತುತ್ತಿದ್ದರು. ಅವರ ನಡುವೆ ಚಿಕ್ಕಪ್ಪನೂ. ಹಸಿರು ಜುಬ್ಬಾ ಬೆನ್ನಿಗೆ ಅಂಟಿತ್ತು. ತಲೆಯ ಬಣ್ಣ ಬೆವರಿನಲ್ಲಿ ಕರಗಿ ಕಿವಿಯ ಹಿಂದೆ ಇಳಿದಿತ್ತು. ಕೂಗು ಬಂದಾಗಲೆಲ್ಲ ಅವರು ಕಣ್ಣು ಮುಚ್ಚಿ, ಎರಡೂ ಕೈ ಎತ್ತಿ, ನಗುತ್ತಿದ್ದರು.

“ಆ ವಿಡಿಯೋ ಅವರು ತೆರೆದು ನೋಡ್ಲೇ ಇಲ್ಲ,” ಎಂದಳು ಚಿಕ್ಕಮ್ಮ. “ಮೊಬೈಲಲ್ಲಿ ಹಾಗೇ ಉಂಟು. ಅವರು ಊರಿಗೆ ಬಂದ ದಿನವೇ ನಾನು ಮೊಬೈಲ್ ತೆಗೆದು ನೋಡಿದೆ. ಧೈರ್ಯ ಇಲ್ಲ ಅವರಿಗೆ.”

“ಚಿಕ್ಕಮ್ಮ, ನಾನು ಹೋಗಿ ಹೇಳ್ತೇನೆ, ಒಂದು ನಿಮಿಷ...”

“ಅವರಿಗೆ ಎಂತದೂ ಹೇಳ್ಬೇಡ.” ನನ್ನ ಕೈಯನ್ನು ಇನ್ನಷ್ಟು ಒತ್ತಿ ಹಿಡಿದಳು. “ಅಲ್ಲಿ ದೂರದಲ್ಲಿ ಒಬ್ಬರೇ ಇದ್ದಾರೆ, ಅವರಿಗೆ ಕೇಳ್ಲಿ ಅಂತಲೇ ನಾನು ಅವತ್ತು ಅಷ್ಟು ದೊಡ್ಡಕ್ಕೆ ಕೂಗಿದ್ದು.”

ಚಿಕ್ಕಪ್ಪ ಅಲ್ಲಿಂದಲೇ ನಮ್ಮನ್ನು ಕಂಡು, ಬಾ ಬಾ ಎಂದು ಕೈ ಬೀಸಿ ಅವಳನ್ನು ಕರೆದರು. ಚಿಕ್ಕಮ್ಮ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು, ಅವರ ಹತ್ತಿರ ಹೋದಳು.